ಟ್ರಂಕಿನೊಳಗಿನ ಮಣ್ಣು

ದಸರೆ ಮುಗಿದ ಮರುದಿನ ವಿಜಯಶ್ರೀ ಗಂಡ ಜಗದೇವನ ಟ್ರಂಕು ತೆರೆದಳು. ಇಸ್ತ್ರಿ ಮಾಡಿದ ಅಂಗಿಗಳ ಕೆಳಗೆ ಆ ಚೀಲ ಇಟ್ಟಂತೆಯೇ ಇತ್ತು. ಬಾಯಿಗೆ ಹೊಲಿಗೆ, ಮೇಲೆ ಅವನ ಕೈಬರಹದಲ್ಲಿ ‘ತಾಯಿ ಮಣ್ಣು’.

ಅತನೂರಿನ ಹೊಲದಂಚಿನ ಸಿಮೆಂಟ್ ತೊಟ್ಟಿಯಲ್ಲಿ ಅವನು ಬೇರಿನ ಬೂಷ್ಟು, ಅಂದರೆ ಬೇರಿನೊಳಗೇ ಬದುಕುವ ಶಿಲೀಂಧ್ರ, ಬೆಳೆಸುತ್ತಿದ್ದ. ತೊಟ್ಟಿಗೆ ಹಿಂದಿನ ವರ್ಷ ಎತ್ತಿಟ್ಟ ತಾಯಿ ಮಣ್ಣು ಬೆರೆಸಿ, ಜೋಳ ಹಾಕಿ, ಎರಡು ತಿಂಗಳಿಗೆ ದಂಟು ಕೊಯ್ದು, ಬೇರನ್ನು ಮಣ್ಣಿನ ಸಮೇತ ಕೊಚ್ಚಿ, ಬಿತ್ತುವಾಗ ಬೀಜದ ಜೊತೆ ಸಾಲಿಗೆ ಬಿಡುತ್ತಿದ್ದ. ಬೂಷ್ಟಿನ ಎಳೆಗಳು ಬೇರು ಮುಟ್ಟಲಾರದ ಕಡೆಯಿಂದ ನೀರು ತರುತ್ತವೆ. ಪಕ್ಕದ ಹೊಲ ಬಿಸಿಲಿಗೆ ಬಾಡಿದರೂ ಇವರದು ಇನ್ನೂ ಎಂಟು ದಿನ ತಡೆಯುತ್ತಿತ್ತು.

ಜೇವರ್ಗಿಗೆ ಅವಳನ್ನು ನೋಡಲು ಬಂದಾಗಲೂ ಅವನ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಒಂದಿಷ್ಟು ಬೇರು ಇತ್ತು. ಹಿರಿಯರು ಮಂಡಕ್ಕಿಯ ಸುಸಲಾ ತಿನ್ನುತ್ತಿದ್ದಾಗ ಮೆಲ್ಲಗೆ ಕೇಳಿದ್ದ:

“ನೀವು ಎಂ.ಎಸ್ಸಿ. ಅಂತಲ್ರಿ? ಇದನ್ನ ನಿಮ್ಮ ಕಾಲೇಜಿನಾಗ ನೋಡಿ ಹೇಳ್ತೀರೇನು?”

“ಹುಡುಗಿ ನೋಡಾಕ ಬಂದಾನೋ, ಕಸ ತೋರ್ಸಾಕ ಬಂದಾನೋ” ಎಂದು ಅವಳ ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಿದ್ದಳು.

ವಿಜಯಶ್ರೀ ನೋಡಿ ಹೇಳಿದ್ದಳು. ಮುಂದೆ ನಾಲ್ಕು ವರ್ಷ, ಉಗುರಿನಲ್ಲಿ ಮಣ್ಣಿಟ್ಟುಕೊಂಡೇ ಅವನು ರೊಟ್ಟಿ ಮುರಿಯುವುದನ್ನೂ ನೋಡಿದಳು.

ಹವಳಗಾ ರಸ್ತೆಯಲ್ಲಿ, ಕಬ್ಬಿನ ಟ್ರಾಕ್ಟರಿನ ಹಿಂದೆ ಅವನ ಬೈಕು ಬಡಿದು, ಅದೆಲ್ಲ ಮುಗಿಯಿತು. ಅವನು ತುಂಬಿಟ್ಟಿದ್ದ ಚೀಲವನ್ನು ಅವಳು ಟ್ರಂಕಿನಲ್ಲಿಟ್ಟು, ಡಾಂಬರು ಗುಳಿಗೆ ಹಾಕಿ, ಬೀಗ ಜಡಿದಳು. ಅಳಲಿಲ್ಲ.

ಎರಡು ವರ್ಷದ ಮೇಲೆ, ಈ ಸಲ ಮೊಗ್ಗಿಗೆ ಬಂದ ತೊಗರಿ ಬಾಡತೊಡಗಿದಾಗ ಬೀಗ ನೆನಪಾಯಿತು. ಬರುವ ಮುಂಗಾರಿಗೆ ಬೂಷ್ಟು ಬೇಕು. ಅಂಗಡಿಯಲ್ಲಿ ಸಿಗುತ್ತದೆ. ಅದು ಅವನದಲ್ಲ.

ಮೊದಲು ಅದಕ್ಕೆ ಜೀವ ಇದೆಯೇ ನೋಡಬೇಕಿತ್ತು. ಬೇರೆ ಬೂಷ್ಟು ಉಳಿಯದಂತೆ ಹಂಚಿನ ಮೇಲೆ ಮರಳು ಹುರಿದು, ಚೀಲದ ಮಣ್ಣು ಬೆರೆಸಿ, ಡಬ್ಬಿಯಲ್ಲಿ ಜೋಳ ಹಾಕಿದಳು. ನಲವತ್ತೈದು ದಿನಕ್ಕೆ ಬೇರು ತೊಳೆದು, ಕುದಿಸಿ, ನೀಲಿ ಮಸಿ ಬೆರೆಸಿದ ವಿನೆಗರಿನಲ್ಲಿ ಅದ್ದಿದಳು. ಹೈಸ್ಕೂಲಿನ ವಿಜ್ಞಾನದ ಟೀಚರ್ ಹಮೀದಾಬೇಗಂ ಸೂಕ್ಷ್ಮದರ್ಶಕ ಕೊಟ್ಟರು. ಬೂಷ್ಟು ಬದುಕಿದ್ದರೆ ಬೇರಿನೊಳಗೆ ನೀಲಿ ಎಳೆ ಕಾಣಬೇಕು.

“ಏನರ ಕಾಣ್ತದೇನವ್ವಾ?”

“ಇಲ್ರಿ ಮೇಡಂ.”

ಎರಡು ಬೇಸಿಗೆ ತಗಡಿನ ಟ್ರಂಕಿನೊಳಗೆ ಇಟ್ಟರೆ ಕಾವಿಗೆ ಬೂಷ್ಟು ಏನಾಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ಅವಳೇ. ಅತ್ತೆ ಕಸ್ತೂರಿಬಾಯಿಗೆ ಹೇಳಲಿಲ್ಲ.

ಎಳ್ಳ ಅಮಾವಾಸ್ಯೆಗೆ ಇಬ್ಬರೂ ಹೊಲಕ್ಕೆ ಹೋದರು; ಜಗದೇವ ಹೋದಮೇಲೆ ವಿಜಯಶ್ರೀ ಈ ಹಬ್ಬಕ್ಕೆ ಬಂದದ್ದು ಇದೇ ಮೊದಲು. ಸಜ್ಜೆ ರೊಟ್ಟಿ, ಸೊಪ್ಪು-ಕಾಳಿನ ಭಜ್ಜಿ, ಕಡುಬು ಎಲ್ಲವನ್ನೂ ಕಲಸಿ ಬೆಳೆಯ ಮೇಲೆ ಎರಚಿ ಭೂಮಿತಾಯಿಗೆ ಉಣಿಸುವ ಚರಗದ ದಿನ ಅದು. ಕಸ್ತೂರಿಬಾಯಿ ಮೊದಲು ತೊಟ್ಟಿಗೆ ಹೋಗಿ, ತಳದಿಂದ ಒಂದು ಹಿಡಿ ಮಣ್ಣು ಕೆರೆದು ತಂದು ಚರಗಕ್ಕೆ ಬೆರೆಸಿದರು.

“ಅದೇನ್ರಿ ಅತ್ತಿ?”

“ಅವನ ಮಣ್ಣು. ಮೊದಲನೇ ವರ್ಷ ಪುಟ್ಟಿ ತುಂಬ ಹಾಕಿದ್ದೆ. ಈಗ ಹಿಡಿ ಉಳದದ. ಹೋದವ ಹಬ್ಬಕ್ಕ ಹೊಲಕ್ಕ ಬರಬ್ಯಾಡೇನು?”

“ಎಲ್ಲಿ ಹಾಕಿದ್ರಿ?”

“ಬನ್ನಿ ಗಿಡದ ಮೂಲ್ಯಾಗ. ಅವ ಬುತ್ತಿ ಬಿಚ್ಚಿ ಕೂಡತಿದ್ನಲ್ಲ, ಅಲ್ಲೇ.”

ವಿಜಯಶ್ರೀ ಆ ಕಡೆ ನೋಡಿದಳು. ಮಧ್ಯಾಹ್ನದ ಬಿಸಿಲಿಗೆ ತೊಗರಿಯಾಚೆಗಿನ ಹಿಂಗಾರಿ ಜೋಳವೆಲ್ಲ ಎಲೆ ಸುರುಳಿ ಸುತ್ತಿಕೊಂಡಿತ್ತು. ಆ ಮೂಲೆಯದು ಮಾತ್ರ ಎಲೆ ಚಾಚಿಕೊಂಡು ನಿಂತಿತ್ತು. ಇಷ್ಟು ದಿನ ಅದು ಬನ್ನಿಯ ನೆರಳಿನಿಂದ ಎಂದುಕೊಂಡಿದ್ದಳು. ಹೋಗಿ ಅಲ್ಲಿಂದ ಒಂದು, ಹೊಲದ ನಡುವಿನಿಂದ ಒಂದು ಗಿಡ ಕಿತ್ತಳು.

“ಏ ಹುಚ್ಚಿ! ಹಾಲುಗಾಳಿನ ತೆನಿ ಅದ ಅದಕ್ಕ. ಹಬ್ಬದ ದಿನ ಕೀಳ್ತಾರೇನು?”

ಮರುದಿನ ಟೀಚರಿಂದ ಸೂಕ್ಷ್ಮದರ್ಶಕ ಕೇಳಿ ತಂದು, ಮನೆಯಲ್ಲೇ ಬೇರು ಕುದಿಸಿ, ಮಸಿಯಲ್ಲಿ ಅದ್ದಿ ನೋಡಿದಳು. ನಡುವಿನ ಗಿಡದ ಬೇರಿನಲ್ಲಿ ಅಲ್ಲೊಂದು ಇಲ್ಲೊಂದು ಎಳೆ. ಮೂಲೆಯದರಲ್ಲಿ ಎಲ್ಲೆಲ್ಲೂ ನೀಲಿ, ಮಗು ಪೆನ್ನು ಹಿಡಿದು ಗೀಚಿದ ಹಾಗೆ.

ಕಸ್ತೂರಿಬಾಯಿಯನ್ನು ಕರೆದಳು. ಅವರು ಬಗ್ಗಿ ಒಂದು ಕಣ್ಣು ಮುಚ್ಚಿದರು.

“ಕತ್ತಲಿ ಅದ.”

“ತೆರೆದ ಕಣ್ಣಿಲೆ ನೋಡ್ರಿ ಅತ್ತಿ.”

ಅವರು ಬಹಳ ಹೊತ್ತು ನೋಡಿದರು. “ಇದು ಅವನದೇನು?”

ಹೊಲಕ್ಕೆ ತನ್ನದೇ ಬೂಷ್ಟೂ ಇರುತ್ತದೆ. ಯಾವುದು ಯಾರದೆಂದು ಕಣ್ಣಿನಿಂದ ಹೇಳಲಾಗದು. ಅದು ಅವಳಿಗೆ ಗೊತ್ತಿತ್ತು.

“ಹೌದ್ರಿ ಅತ್ತಿ” ಎಂದಳು. ಆಮೇಲೆ, “ಚೀಲದಾಗಿಂದು ಸತ್ತದರಿ. ನಾನೇ ಬೀಗ ಹಾಕಿ ಇಟ್ಟಿದ್ದೆ.”

ಅವರು ಸೊಸೆಯ ಮುಖ ನೋಡಿದರು. “ಹೆಪ್ಪು ಯಾರರ ಟ್ರಂಕಿನಾಗ ಇಡ್ತಾರೇನು ಯವ್ವಾ? ಓದಿದಾಕಿ ನೀ.”

ಬೈಗುಳದಲ್ಲಿ ಸಿಟ್ಟಿರಲಿಲ್ಲ. ವಿಜಯಶ್ರೀಗೆ ಆಗ ಅಳು ಬಂತು. ಕಸ್ತೂರಿಬಾಯಿ ಒಲೆಯ ಮೇಲಿನ ಚಹಾ ಇಳಿಸಲು ಎದ್ದು ಹೋದರು.

ಜೋಳದ ರಾಶಿ ಮುಗಿದ ಮೇಲೆ ಇಬ್ಬರೂ ಬನ್ನಿಯ ಮೂಲೆಯ ಮಣ್ಣು ಅಗೆದು, ಬೇರು ಕೊಚ್ಚಿ, ತೊಟ್ಟಿ ತುಂಬಿದರು. ಕೊನೆಗೆ ವಿಜಯಶ್ರೀ ಚೀಲದ ಸತ್ತ ಮಣ್ಣನ್ನೂ ಅದರ ಮೇಲೆ ಸುರಿದಳು. ಡಾಂಬರು ಗುಳಿಗೆಯ ವಾಸನೆ ಎದ್ದಿತು.

“ನಾಲ್ಕು ಕಾಳು ಹೆಚ್ಚಿಗಿ ಹಾಕು” ಎಂದರು ಅತ್ತೆ.

ಅವಳು ಜೋಳ ಹಾಕಿ ನೀರು ಬಿಟ್ಟಳು. ಬನ್ನಿಯ ಕೆಳಗೆ ಬುತ್ತಿ ಬಿಚ್ಚಿದಾಗ ಉಗುರಿನಲ್ಲಿ ಮಣ್ಣಿತ್ತು. ಹಾಗೇ ರೊಟ್ಟಿ ಮುರಿದಳು.