ಅಕ್ಕ ಒಪ್ಪಿಗೆ ಕೊಡದ ಕಮಾಂಡ್

ಬೆಳಿಗ್ಗೆಯಿಂದ ತಂಗಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನೀರು ತರಲು ಹೋಗುವುದು, ಬಾಟಲಿ ತುಂಬಿಸದೆಯೇ ವಾಪಸು ಬರುವುದು, ಮತ್ತೆ ಕಂಪ್ಯೂಟರ್ ಪರದೆ ನೋಡುವುದು. ಅವಳು ಬರೆದ ಹೊಸ ಕಮಾಂಡಿಗೆ ಅಕ್ಕ ಇನ್ನೂ ಒಪ್ಪಿಗೆಯ ಬಟನ್ ಒತ್ತಿರಲಿಲ್ಲ. ಒತ್ತದಿದ್ದರೆ ಅದು ಯಾರ ಕೈಗೂ ಸಿಗುವುದಿಲ್ಲ.

ಅಕ್ಕ ಎಂದರೆ ಸ್ವಂತ ಒಡಹುಟ್ಟಿದವಳು; ಒಂದೇ ಮನೆ, ಒಂದೇ ಆಫೀಸು. ಆಫೀಸಿನ ತಂತ್ರಾಂಶಗಳನ್ನೆಲ್ಲ ಬೇರೆ ಬೇರೆ ಕಂಟೇನರುಗಳಲ್ಲಿ, ಅಂದರೆ ಒಂದಕ್ಕೊಂದು ತಾಗದ ಡಬ್ಬಿಗಳಲ್ಲಿ, ಕಟ್ಟಿಟ್ಟು ಓಡಿಸುವ ಸಾಧನ ಅವಳದೇ ಸೃಷ್ಟಿ. ಆದರೆ ಅದರ ಸೆಟ್ಟಿಂಗ್ ಫೈಲನ್ನು ಕೈಯಾರೆ ಬರೆಯಬೇಕು. ಒಂದು ಸ್ಪೇಸ್ ಹೆಚ್ಚುಕಮ್ಮಿಯಾದರೂ ಮೊಂಡು ಹಿಡಿದು ಕೂರುತ್ತದೆ. ಹಾಗಾಗಿ ಯಾರೇ ಹೊಸಬರು ಬರಲಿ, ಮೊದಲ ದಿನ ಅಕ್ಕ ಹೇಳಿಕೊಡಲೇಬೇಕು. ಈ ರಗಳೆಯೇ ಬೇಡವೆಂದು ತಂಗಿ 'ಇನಿಟ್' ಎಂಬ ಕಮಾಂಡ್ ಸೇರಿಸಿದ್ದಳು. ಅದು ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು, ಫೈಲು ತಯಾರು. ಅಕ್ಕನ ತಲೆನೋವು ತಪ್ಪಿಸಿದೆನೆಂದು ಅವಳಿಗೆ ಒಳಗೊಳಗೇ ಜಂಬ.

ಮಧ್ಯಾಹ್ನದ ಹೊತ್ತಿಗೆ ತಾಳ್ಮೆ ಕೆಟ್ಟಿತು. "ಏನೇ ಅಕ್ಕಾ, ಅದರ ಮೇಲೆ ಕಾವಿಗೆ ಕೂತಿದೀಯಾ?"

"ಬಾ, ನನ್ನ ಫೋಲ್ಡರಲ್ಲೇ ಓಡಿಸು," ಎಂದಳು ಅಕ್ಕ.

ತಂಗಿ ಓಡಿಸಿದಳು. ಪ್ರಶ್ನೆಗಳು ಬಂದವು, ಉತ್ತರ ಹೊಡೆದಳು, 'ಸಿದ್ಧ' ಎಂದಿತು. ಫೈಲು ತೆರೆದು ನೋಡಿದಳು. ಅಕ್ಕ ವರ್ಷಗಟ್ಟಲೆ ತಿದ್ದಿ ತೀಡಿದ ಸೆಟ್ಟಿಂಗು ಪೂರ್ತಿ ಮಾಯ. ಆ ಜಾಗದಲ್ಲಿ ಹೊಸ ನಾಲ್ಕು ಸಾಲು. ತಂಗಿ ಪರೀಕ್ಷೆ ಮಾಡಿದ್ದೆಲ್ಲ ಖಾಲಿ ಫೋಲ್ಡರಿನಲ್ಲಿ. ಮೊದಲೇ ಫೈಲಿದ್ದರೆ ಏನು ಗತಿ ಎಂದು ಯೋಚಿಸಿರಲೇ ಇಲ್ಲ.

"ಅಯ್ಯಯ್ಯೋ ಅಕ್ಕಾ!"

"ಕಾಪಿ ಇದೆ, ಸುಮ್ನಿರು. ಬೆಳಿಗ್ಗೆ ಓದಿದಾಗ್ಲೇ ಗೊತ್ತಾಯ್ತು, ಹೀಗಾಗುತ್ತೆ ಅಂತ."

"ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತು ದಾಡಿ? ಇಷ್ಟು ಹೊತ್ತು ನನ್ನ ಪ್ರಾಣ ಹಿಂಡ್ಬಿಟ್ಟೆ!"

"ಹೇಳಿದ್ರೆ ತಕ್ಷಣ ಸರಿಮಾಡ್ಬಿಡ್ತಿದ್ದೆ ನೀನು." ಅಕ್ಕ ಕೀಲಿಮಣೆಯ ಧೂಳು ಒರೆಸುತ್ತ, ತಲೆ ಎತ್ತದೆ ಹೇಳಿದಳು. "ಆಮೇಲೆ ಹೇಳಿಕೊಡೋಕೆ ಅಂತ ನನ್ನನ್ನ ಯಾರು ಕರೀತಾರೆ? ಹೊಸ ಕೆಲಸ ಎಲ್ಲಾ ನೀವುಗಳೇ ಮಾಡ್ತೀರ. ನನಗೆ ಉಳಿದಿದ್ದು ಇದೊಂದೇ ಕಣೇ."

ತಂಗಿಯ ಸಿಟ್ಟು ಜರ್ರನೆ ಇಳಿಯಿತು. "ಬೇಡ ಅಂದ್ರೆ ತೆಗೆದುಬಿಡ್ತೀನಿ."

"ಹುಚ್ಚಿ. ಸರಿಮಾಡು ಮೊದ್ಲು."

ಹಳೆಯ ಫೈಲಿದ್ದರೆ ಮುಟ್ಟುವ ಮುಂಚೆ ಕೇಳುವಂತೆ ತಂಗಿ ತಿದ್ದಿದಳು. ಅಕ್ಕ ಒಪ್ಪಿಗೆ ಒತ್ತಿದಳು.

ಅಂದೇ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಸಂಜೆ ಆ ಕಮಾಂಡ್ ಓಡಿಸಿದಳು. ಅಭ್ಯಾಸಬಲ ನೋಡಿ, ಅಕ್ಕ ಆಗಲೇ ಕುರ್ಚಿ ಎಳೆದುಕೊಂಡು ಹೋಗಿ ಪಕ್ಕದಲ್ಲಿ ಕೂತಾಗಿತ್ತು.

"ಆಯ್ತು ಮೇಡಂ, ಬಂದೇಬಿಡ್ತು," ಎಂದಳು ಹುಡುಗಿ ಖುಷಿಯಿಂದ. "ನೀವ್ಯಾಕೆ ಸುಮ್ನೆ ತೊಂದರೆ ತಗೊಂಡ್ರಿ?"

ಅಕ್ಕ ನಕ್ಕಳು. ಕುರ್ಚಿಯನ್ನು ಮತ್ತೆ ಅಷ್ಟು ದೂರ ಎಳೆದುಕೊಂಡು ವಾಪಸು ಬಂದಳು.

"ಚೆನ್ನಾಗಿ ಬರ್ದಿದೀಯ ಕಣೇ," ಎಂದಳು.

ಬೆಳಿಗ್ಗೆಯಿಂದ ಆ ಮಾತಿಗೇ ಕಾದಿದ್ದ ತಂಗಿಗೆ ಅಳು ಬಂತು.