ಇನ್‌ಸ್ಪೆಕ್ಟರ್ ತಿಪ್ಪೇಶನ ಒಂಬತ್ತು ಕಂತುಗಳು

ನೂರೀನ್ ಬರೆದ ಧಾರಾವಾಹಿ ಟಿವಿಯಲ್ಲಿ ಶುರುವಾದ ಭಾನುವಾರ ಸಂಜೆ ಹೊಸದುರ್ಗದ ಅವರ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯ ಅರ್ಧ ಜನ ಅಲ್ಲೇ ಬಂದು ಕೂತಿದ್ದರು. ಅವಳ ತಂದೆ ಬುಡನ್ ಸಾಬ್ ಮಾತ್ರ, ಯಾರ ಮೈಯೂ ತನಗೆ ತಾಗದ ಹಾಗೆ, ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡಿದ್ದರು.

ಧಾರಾವಾಹಿಯ ಹೆಸರು 'ಕೆಂಪು ಕಡತ'. ಧರ್ಮಪುರದ ಶೇಂಗಾ ಮಿಲ್ಲಿನ ಮಾಲೀಕನೊಬ್ಬನ ಕೊಲೆಯಾಗುತ್ತದೆ. ಹಿರಿಯೂರಿನಿಂದ ಹೋದ ಇನ್‌ಸ್ಪೆಕ್ಟರ್ ತಿಪ್ಪೇಶ ಹದಿಮೂರು ಕಂತುಗಳಲ್ಲಿ ಕೊಲೆಗಾರನನ್ನು ಹಿಡಿಯಬೇಕು. ಈ ತಿಪ್ಪೇಶ ಯಾರ ಮುಖವನ್ನೂ ನೋಡಿ ಮಾತಾಡುವವನಲ್ಲ. ಕೈ ಕುಲುಕಲು ಬಂದವರನ್ನು ಕಂಡರೆ ಎರಡೂ ಕೈ ಬೆನ್ನ ಹಿಂದೆ ಹೋಗುತ್ತವೆ. ನಾಲ್ಕು ಜನ ಸೇರಿ ನಕ್ಕರೆ ಯಾಕೆ ನಕ್ಕರೆಂದು ಅವನಿಗೆ ತಿಳಿಯುವುದಿಲ್ಲ. ಆದರೆ ಎದುರಿಗೆ ನಿಂತವನ ಚಪ್ಪಲಿಗೆ ಮೆತ್ತಿದ ಮಣ್ಣು ಯಾವ ಹೊಲದ್ದೆಂದು ಹೇಳಬಲ್ಲ.

ಇವನನ್ನು ಹುಡುಕಿಕೊಂಡು ನೂರೀನ್ ದೂರ ಹೋಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದ ಅವಳ ತಂದೆ ಇರುವುದೇ ಹಾಗೆ. ಗಿರಾಕಿಗಳ ಮುಖ ಅವರಿಗೆ ನೆನಪಿರುವುದಿಲ್ಲ. ಗಡಿಯಾರವನ್ನು ಕೈಗಿಟ್ಟರೆ ಅದರ ಯಜಮಾನ ಎಡಗೈಯವನೋ, ಎಮ್ಮೆ ಹಾಲು ಕರೆಯುವವನೋ ಹೇಳುತ್ತಾರೆ. ಮದುವೆ ಮನೆಗೆ ಹೋದರೆ ಊಟ ಮುಗಿಸಿ ಯಾರಿಗೂ ಹೇಳದೆ ಎದ್ದು ಬರುತ್ತಾರೆ. ಅವರನ್ನು ಕಥೆಗೆ ತೆಗೆದುಕೊಂಡದ್ದನ್ನು ನೂರೀನ್ ಅವರಿಗೆ ಹೇಳಿರಲಿಲ್ಲ. ಹೇಗೆ ಹೇಳುವುದೆಂದೇ ಗೊತ್ತಾಗಿರಲಿಲ್ಲ.

ಮೊದಲ ನಾಲ್ಕು ಕಂತು ಅವಳು ಬರೆದ ಹಾಗೇ ಬಂದವು. ತಿಪ್ಪೇಶನ ಪಾತ್ರ ಮಾಡಿದ ಶಿವರಾಜ್ ಎಂಬ ನಾಟಕದ ಹುಡುಗ ಒಂದು ಚೂರೂ ಹೆಚ್ಚು ಮಾಡದೆ ಅಭಿನಯಿಸಿದ್ದ. ಐದನೆಯ ಕಂತಿನಲ್ಲಿ, ಸತ್ತವನ ಹೆಂಡತಿಯನ್ನು ವಿಚಾರಿಸುವಾಗ ತಿಪ್ಪೇಶ ತಲೆ ತಗ್ಗಿಸಿದ. ಆಗ ಟಿವಿಯಿಂದ 'ಟೊಂಯ್' ಎಂದು ಸದ್ದು ಬಂತು. ಅವನು ಕೈಯನ್ನು ಹಿಂದಕ್ಕೆ ಒಯ್ದಾಗ ಮೇಕೆ ಅರಚಿದ ಶಬ್ದ. ನಡುಮನೆ ಗೊಳ್ಳೆಂದು ನಕ್ಕಿತು. ನೂರೀನಳ ತಾಯಿ ಬೀಬಿ ಜಾನ್ ಕೂಡ ನಕ್ಕು, ತಕ್ಷಣ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಬುಡನ್ ಸಾಬ್ ಎದ್ದು ಹೊರಗೆ ಹೋದರು. ನೂರೀನ್ ಹಿಂದೆಯೇ ಓಡಿದಳು. ಅವರು ಜಗುಲಿಯ ಗೋಡೆ ನೋಡುತ್ತ ನಿಂತಿದ್ದರು.

"ನಡಿಗೆ ನಂದೇ ಕಣಮ್ಮ. ಮೊದಲ್ನೇ ವಾರಾನೇ ಗೊತ್ತಾತು," ಎಂದರು. "ಬೇಜಾರೇನಿಲ್ಲ. ನೀನು ಸರಿಯಾಗಿ ನೋಡಿದೀಯ. ಆದ್ರೆ ಆ ಶಬ್ದ ನಂದಲ್ಲ."

ಮರುದಿನ ಬೆಳಿಗ್ಗೆ ಅವಳು ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದಳು. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡಳು. ಶೂಟಿಂಗ್ ನಡೆಯುತ್ತಿದ್ದದ್ದು ಕೋಟೆ ರಸ್ತೆಯ ಒಂದು ಹಳೇ ಮನೆಯಲ್ಲಿ. ಚಾನೆಲ್ಲಿನ ಕಾರ್ಯಕ್ರಮ ಮುಖ್ಯಸ್ಥ ಕನಕರಾಜ್ ವರಾಂಡದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ.

"ಬರ್ರಿ ಮೇಡಂ, ಕುಂತ್ಕಳ್ರಿ. ನಿನ್ನೆ ಎಪಿಸೋಡು ಹೆಂಗೆ ಓಡೈತೆ ಗೊತ್ತಾ? ಜನ ಬಿದ್ದು ಬಿದ್ದು ನಗ್ತಾವ್ರೆ."

"ಅದು ಕೊಲೆ ಕೇಸು. ಗಂಡ ಸತ್ತೋಳ ಮುಂದೆ ಕುಂತವ್ನೆ ಅವನು. ನಗೋಕೆ ಏನೈತೆ ಅಲ್ಲಿ?"

"ಮತ್ತೆ ನೀವು ಅವನನ್ನ ಹಂಗ್ ಮಾಡಿರೋದು ಯಾಕೆ, ತಮಾಷೆಗೆ ತಾನೆ?"

ನೂರೀನ್ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದು ಯಾವುದೂ ಈ ಮಾತಿಗೆ ಹೊಂದಲಿಲ್ಲ. ಇವನು ಕೆಟ್ಟವನೂ ಅಲ್ಲ. ನಿಜವಾಗಿಯೂ ಹಾಗೇ ತಿಳಿದಿದ್ದಾನೆ. ಅದೇ ಅವಳನ್ನು ಇನ್ನಷ್ಟು ಉರಿಸಿತು. ಜನರ ಕಣ್ಣು ತಪ್ಪಿಸಿ ಬದುಕುವ ಒಬ್ಬ ಮನುಷ್ಯ ಇವನ ಲೆಕ್ಕದಲ್ಲಿ ನಗಿಸಲಿಕ್ಕೆಂದೇ ಹುಟ್ಟಿದವನು.

"ಶಬ್ದ ತೆಗೀರಿ. ಇಲ್ಲಾಂದ್ರೆ ನನ್ನ ಹತ್ರ ಉಳಿದಿರೋ ಕೊನೇ ನಾಲ್ಕು ಕಂತು ನಾನು ಕೊಡಲ್ಲ."

"ಅದೂ ಮಾತಾಡಬೇಕಿತ್ತು," ಎಂದ ಕನಕರಾಜ್, ಕೈ ಒರೆಸಿಕೊಳ್ಳುತ್ತ. "ಹನ್ನೊಂದನೇದ್ರಲ್ಲಿ ಅವನಿಗೊಂದು ಲವ್ವು ಇಡಾಣ. ಆ ಹುಡುಗಿ ದೆಸೆಯಿಂದ ಅವನು ಸರಿಹೋಗ್ತಾನೆ. ಎಲ್ಲರ ಕೈ ಕುಲುಕ್ತಾನೆ."

"ಅವನಿಗೆ ಏನಾಗೈತೆ ಅಂತ ಸರಿಹೋಗೋದು?"

ಕನಕರಾಜ್ ಫೋನು ಎತ್ತಿಕೊಂಡು ಒಳಗೆ ಹೋದ. ಬಾಗಿಲಲ್ಲಿ ಖಾಕಿ ತೊಟ್ಟು ನಿಂತಿದ್ದ ಶಿವರಾಜ್ ಅವಳನ್ನು ಗೇಟಿನವರೆಗೂ ಕಳಿಸಲು ಬಂದ. "ಆ ಶಬ್ದ ಎಡಿಟಿಂಗಲ್ಲಿ ಸೇರಿಸ್ಯಾರೆ ಅಕ್ಕ. ನಂಗೂ ಮನೇಲಿ ನೋಡಿದ ಮೇಲೇ ಗೊತ್ತಾಗಿದ್ದು," ಎಂದವನ ಮುಖ ಸಣ್ಣಗಾಗಿತ್ತು.

ಶಬ್ದ ಹೋಗಲಿಲ್ಲ. ಚಾನೆಲ್ಲಿನ ಬಳಿ ಒಂಬತ್ತು ಕಂತುಗಳಿದ್ದವು. ಅಷ್ಟನ್ನೂ ಮೇಕೆ ಸಮೇತ ಹಾಕಿದರು. ಹೊಸದುರ್ಗದ ಪೇಟೆಗೂ ಆ ತಮಾಷೆ ಬಂತು. ಒಂದು ಮಧ್ಯಾಹ್ನ ನೂರೀನ್ ಬುತ್ತಿ ಕೊಡಲು ಅಂಗಡಿಗೆ ಹೋದಾಗ ತೆಂಗಿನಕಾಯಿ ವ್ಯಾಪಾರಿ ಬೋರಪ್ಪ ತನ್ನ ಗಡಿಯಾರಕ್ಕಾಗಿ ಬಂದು ನಿಂತಿದ್ದ. ಬುಡನ್ ಸಾಬ್ ತಲೆ ತಗ್ಗಿಸಿಯೇ, "ಇನ್ನೊಂದು ಗಂಟೆ ಆಗ್ತೈತೆ," ಎಂದರು. ಬೋರಪ್ಪ ಪಕ್ಕದವನಿಗೆ ಕಣ್ಣು ಮಿಟುಕಿಸಿ, "ಟೊಂಯ್," ಎಂದ.

ನೂರೀನ್ ಬುತ್ತಿ ಕೆಳಗಿಟ್ಟಳು. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಬೋರಪ್ಪನ ಗಡಿಯಾರವನ್ನು, ಅದರ ಚಕ್ರ ಮುಳ್ಳುಗಳನ್ನೂ ಸೇರಿಸಿ, ಹಾಸಿದ್ದ ಕಾಗದದ ಸಮೇತ ಎತ್ತಿ ಅವನ ಮುಂದೆ ಹಿಡಿದಳು.

"ತಗೊಂಡೋಗ್ರಿ. ಇವ್ರನ್ನ ಕಂಡು ನಗೋರ ಗಡಿಯಾರ ಈ ಅಂಗಡೀಲಿ ರಿಪೇರಿ ಆಗಲ್ಲ."

"ಏನಮ್ಮ, ತಮಾಷೆಗಂದ್ರೆ..."

"ಇಪ್ಪತ್ತು ವರ್ಷದಿಂದ ಬರ್ತಿದೀರಿ. ಯಾವತ್ತಾದ್ರೂ ನಿಮಗೆ ಮೋಸ ಮಾಡ್ಯಾರಾ ಇವ್ರು? ನಮ್ಮಪ್ಪ ಹಿಂಗಿರೋದು ಈಗ ಟಿವಿ ಹೇಳಿದ ಮೇಲೆ ನಿಮಗೆ ನಗು ಬಂತಾ?"

ಬುಡನ್ ಸಾಬ್ ಮಗಳ ಕೈಯಿಂದ ಕಾಗದವನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು. "ಒಂದು ಮುಳ್ಳು ಬಿದ್ದೋದ್ರೆ ಸಿಗಲ್ಲಮ್ಮ," ಎಂದು ಮತ್ತೆ ಕೆಲಸಕ್ಕೆ ಬಾಗಿದರು. ಬೋರಪ್ಪ ಒಂದು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತಿದ್ದು, ಗಡಿಯಾರ ತೆಗೆದುಕೊಂಡು ಹೋದ.

ಒಂಬತ್ತನೆಯ ಕಂತಿಗೆ ನಗುವವರೂ ಇರಲಿಲ್ಲ. ಒಂದೇ ತಮಾಷೆಯನ್ನು ಎಷ್ಟು ವಾರ ನೋಡುತ್ತಾರೆ? ಮುಂದಿನ ಭಾನುವಾರ ಅದೇ ಹೊತ್ತಿಗೆ ಅಡುಗೆ ಸ್ಪರ್ಧೆ ಬಂತು. 'ಲೇಖಕಿಯ ಅಸಹಕಾರದಿಂದ ಧಾರಾವಾಹಿ ನಿಲ್ಲಿಸಲಾಗಿದೆ' ಎಂದು ಚಾನೆಲ್ ಪತ್ರಿಕೆಗೆ ಹೇಳಿಕೆ ಕೊಟ್ಟಿತು. ಅದನ್ನು ಓದಿದ ದಿನ ನೂರೀನ್ ಊಟ ಮಾಡಲಿಲ್ಲ. ಮೇಕೆಯನ್ನು ಕರೆತಂದವರು ಅವರು, ಕೆಟ್ಟ ಹೆಸರು ತನಗೆ.

ವಾರ ಕಳೆದ ಮೇಲೆ ಅಂಗಡಿಯಲ್ಲಿ ಬುಡನ್ ಸಾಬ್ ತಾವಾಗಿಯೇ ಕೇಳಿದರು. "ಕೊಂದೋನು ಯಾರು ಅಂತ ಅವ್ರು ಹೇಳಲೇ ಇಲ್ಲ. ನೀನು ಬರ್ದಿದೀಯಾ?"

ಅವಳು ಮನೆಗೆ ಹೋಗಿ ಉಳಿದ ನಾಲ್ಕು ಕಂತಿನ ಹಾಳೆಗಳನ್ನು ತಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಓದತೊಡಗಿದಳು. ಅವರು ಕೆಲಸ ಮಾಡುತ್ತಲೇ ಕೇಳಿದರು. ಹನ್ನೆರಡನೆಯ ಕಂತಿನಲ್ಲಿ ಮಿಲ್ಲಿನ ಗುಮಾಸ್ತ ಸಿಕ್ಕಿಬಿದ್ದ. ಮೇಲಧಿಕಾರಿ ಬೆನ್ನು ತಟ್ಟಿದಾಗ ತಿಪ್ಪೇಶ ತಲೆಯೆತ್ತಿ ಅವರ ಕಣ್ಣು ನೋಡಿ ಮುಗುಳ್ನಕ್ಕ.

ಬುಡನ್ ಸಾಬರ ಕೈ ನಿಂತಿತು. "ಇಲ್ಲಿ ಅವನು ನಗಲ್ಲ," ಎಂದರು. "ಯಾರಿಗೋಸ್ಕರ ನಗಿಸ್ದೆ?"

ಯಾರೂ ಕೇಳುವ ಮೊದಲೇ, ಚಾನೆಲ್ಲಿನವರು ಒಪ್ಪಲೆಂದು ಅವಳೇ ಹಾಕಿದ ನಗು ಅದು. ಕನಕರಾಜನ ಮೇಲೆ ಇಷ್ಟು ದಿನ ಹರಿಸಿದ್ದ ಕೋಪದಲ್ಲಿ ಒಂದು ಪಾಲು ಈಗ ತನ್ನ ಕಡೆಗೇ ತಿರುಗಿತು. ತಂದೆಯ ಮೇಜಿನಿಂದ ಪೆನ್ನು ತೆಗೆದುಕೊಂಡು ಆ ಸಾಲನ್ನು ಗೀಚಿ ಹಾಕಿದಳು.

"ಮತ್ತೇನ್ ಮಾಡ್ತಾನೆ ಅವನು?" ಎಂದು ಕೇಳಿದಳು.

ಬುಡನ್ ಸಾಬ್ ಯೋಚಿಸಿದರು. "ಕೆಲಸ ಮುಗೀತಲ್ಲ. ಬಸ್ಸು ಎಷ್ಟೊತ್ತಿಗೈತೆ ಅಂತ ಕೇಳ್ತಾನೆ."

ಅವಳು ಅದನ್ನೇ ಬರೆದುಕೊಂಡು ಹದಿಮೂರನೆಯ ಕಂತಿನ ಹಾಳೆ ತೆಗೆದಳು.