ಪಾಲು ಮೂರು, ಬೆಲ್ಲ

ಗವಿಸಿದ್ದಪ್ಪನಿಗೆ ಅಡುಗೆ ಬರುತ್ತಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಬರದಂತೆ ಅವನೇ ಎಚ್ಚರಿಕೆಯಿಂದ ನೋಡಿಕೊಂಡಿದ್ದ. ಬಳ್ಳಾರಿಯ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ರಸಾಯನಶಾಸ್ತ್ರ ಹೇಳುತ್ತಿದ್ದವನಿಗೆ ಅಳೆಯುವುದು, ಕಾಯಿಸುವುದು, ಕಲಕುವುದು ಹೊಸದಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಮಾಡಿದ್ದನ್ನು ಯಾರೂ ಉಣ್ಣುವುದಿಲ್ಲ. ಆ ಸೌಕರ್ಯ ಮನೆಯಲ್ಲಿರಲಿಲ್ಲ. ಅದಕ್ಕೇ ತನ್ನ ವಿದ್ಯೆಯನ್ನು ಒಗ್ಗರಣೆ ಮಂಡಕ್ಕಿ, ಅನ್ನ-ಸಾರಿಗೆ ನಿಲ್ಲಿಸಿಬಿಟ್ಟಿದ್ದ.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ಹೆಂಡತಿ ಸೌಂದರ್ಯಳಿಗೆ ಬಡ್ತಿ ಬಂದಾಗ. ಸಿರುಗುಪ್ಪದ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯಿನಿ. ಸೋಮವಾರದಿಂದ ಬೆಳಿಗ್ಗೆ ಏಳರ ಬಸ್ಸು, ಮನೆ ಮುಟ್ಟುವಷ್ಟರಲ್ಲಿ ಸಂಜೆ ಏಳು. ಸುದ್ದಿ ಕೇಳಿದ್ದೇ ತಡ, ಕುರುಗೋಡಿನಿಂದ ಗವಿಸಿದ್ದಪ್ಪನ ತಾಯಿ ದಾಕ್ಷಾಯಣಮ್ಮ ಫೋನ್ ಮಾಡಿ, ಮಗ ಹಸಿದು ಒಣಗುವುದು ಬೇಡ, ತಾನೇ ಬಂದು ಇದ್ದು ಅಡುಗೆಮನೆ ನೋಡಿಕೊಳ್ಳುತ್ತೇನೆ ಎಂದರು. ಹಿಂದೊಮ್ಮೆ ಸೊಸೆಗೆ ಟೈಫಾಯ್ಡ್ ಆದಾಗ ಹದಿನೈದು ದಿನಕ್ಕೆಂದು ಬಂದವರು ಐದು ತಿಂಗಳು ನಿಂತು, ಡಬ್ಬಿಗಳ ಜಾಗವನ್ನೆಲ್ಲ ಬದಲಿಸಿ, ಸಾಸಿವೆ ಎಲ್ಲಿದೆ ಎಂದು ಸೌಂದರ್ಯ ತನ್ನ ಮನೆಯಲ್ಲೇ ವಿಳಾಸ ಕೇಳುವಂತೆ ಮಾಡಿ ಹೋಗಿದ್ದರು.

ಸೌಂದರ್ಯ ಕೂಗಾಡಲಿಲ್ಲ. ಚಪಾತಿ ಲಟ್ಟಿಸುತ್ತಲೇ ಹೇಳಿದಳು.

"ಅತ್ತಿ ಬಂದು ಅಡಿಗಿಮನಿ ಹಿಡಿದ್ರ ನಾ ಬಡ್ತಿ ಒಲ್ಲೆ ಅಂತ ಬರದು ಕೊಡ್ತೀನ್ರಿ. ಬ್ಯಾಡ ಅಂತ ಹೇಳೋರು ನೀವು. ನಿಮ್ಮವ್ವ, ನಿಮ್ಮ ಬಾಯಿ."

ಆ ಬಾಯಿ ನಲವತ್ತಾರು ವರ್ಷದಲ್ಲಿ ತಾಯಿಯ ಮುಂದೆ ಒಮ್ಮೆಯೂ 'ಬ್ಯಾಡ' ಎಂದಿರಲಿಲ್ಲ. ಅದಕ್ಕಿಂತ ಅಡುಗೆ ಕಲಿಯುವುದು ಸುಲಭ ಎಂದುಕೊಂಡ ಗವಿಸಿದ್ದಪ್ಪ. ಭಾನುವಾರ ತಾಯಿಯನ್ನು ಊಟಕ್ಕೆ ಕರೆಯುವುದು. ಜೋಳದ ರೊಟ್ಟಿ, ಎಣ್ಣೆಗಾಯಿ, ಪಾಯಸ ಎಲ್ಲ ತಾನೇ ಮಾಡಿ ಬಡಿಸುವುದು. ಅದನ್ನು ಉಂಡು ಅವರೇ ನಿಶ್ಚಿಂತೆಯಿಂದ ಊರಿಗೆ ಹೊರಡುವುದು. 'ಬ್ಯಾಡ' ಎನ್ನುವ ಪ್ರಸಂಗವೇ ಬರಬಾರದು. ಇದು ಅವನ ಸಿದ್ಧಾಂತ.

ಬುಧವಾರದ ರೊಟ್ಟಿ ಆಂಧ್ರದ ಗಡಿಯ ಹಾಗೆ ಎಲ್ಲೆಂದರಲ್ಲಿ ಒಳನುಗ್ಗಿತ್ತು. ಶನಿವಾರದ ಹೊತ್ತಿಗೆ ದುಂಡಗಾಯಿತು, ಅದೂ ಸ್ಟೀಲ್ ಮುಚ್ಚಳ ಒತ್ತಿ ಅಂಚು ಕತ್ತರಿಸಿದ್ದರಿಂದ. ಎಣ್ಣೆಗಾಯಿ ಎರಡು ಸಲ ತಳ ಹಿಡಿದು ಮೂರನೇ ಸಲ ಕೈಗೆ ಬಂತು. ಉಳಿದದ್ದು ಪಾಯಸ. ಅದಕ್ಕೆ ಮೇಲಿನ ಮನೆಯ ಶಶಿರೇಖಾಳನ್ನು ಕೇಳಿದ. ಅವಳು ಗುಂತಕಲ್ಲಿನವಳು, ತನ್ನ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆ ಎನ್ನುವುದು ಅವಳಿಗೇ ಗೊತ್ತಿರಲಿಲ್ಲ. ಅವಸರದಲ್ಲಿ ಮೆಟ್ಟಿಲಿಳಿಯುತ್ತಿದ್ದವಳು ಒಂದು ಕ್ಷಣ ನಿಂತಳು.

"ಅಕ್ಕಿ ಒಂದು ಲೋಟ, ಪಾಲು ಮೂರು, ಬೆಲ್ಲ ಗೊತ್ತೇ ಐತಲ್ರಿ ಸಾರ್."

ತೆಲುಗಿನಲ್ಲಿ ಪಾಲು ಎಂದರೆ ಹಾಲು. ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ತೆಲುಗಿನಲ್ಲೇ ಚೌಕಾಶಿ ಮಾಡುವ ಗವಿಸಿದ್ದಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಮೊದಲ ಮಾತು 'ಅಕ್ಕಿ' ಆದ್ದರಿಂದ ಅವನ ಕಿವಿ ಕನ್ನಡದಲ್ಲೇ ಕೂತಿತ್ತು. ಮೇಲಾಗಿ ವೃತ್ತಿಯ ಚಟ: ಪಾಲು ಎಂದರೆ ಪ್ರಮಾಣ. ಅಕ್ಕಿ ಒಂದು ಪಾಲು, ಬೆಲ್ಲ ಮೂರು ಪಾಲು ಎಂದು ಚೀಟಿಯಲ್ಲಿ ಬರೆದುಕೊಂಡ. ಇಷ್ಟು ಚೊಕ್ಕಟವಾಗಿ ಹೇಳುವ ಹೆಂಗಸು ವಿಜ್ಞಾನ ಓದಬೇಕಿತ್ತು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಅಕ್ಕಿಯನ್ನು ತುಪ್ಪದಲ್ಲಿ ಹುರಿದು, ಬೆಲ್ಲ ಸುರಿದು, ಚೂರು ನೀರು ಹಾಕಿ ಕುದಿಸಿದ. ಮುಕ್ಕಾಲು ಗಂಟೆಯಾದರೂ ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ನೀರನ್ನೆಲ್ಲ ಬೆಲ್ಲವೇ ಹಿಡಿದಿಟ್ಟುಕೊಂಡರೆ ಕಾಳು ಅರಳಲು ನೀರೆಲ್ಲಿಂದ ಬರಬೇಕು? ಕಾರಣ ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ತಿಳಿದದ್ದರಿಂದ ಅಕ್ಕಿಗೇನೂ ಉಪಕಾರವಾಗಲಿಲ್ಲ. ಗೋಡಂಬಿ ಉದುರಿಸಿ ಪಾಯಸದ ಮುಖ ಮುಚ್ಚಿದ.

ದಾಕ್ಷಾಯಣಮ್ಮ ಹನ್ನೊಂದಕ್ಕೆ ಎರಡು ಚೀಲದೊಂದಿಗೆ ಬಂದಿಳಿದರು. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಅವರದೇ ಮಸಾಲೆ ಡಬ್ಬಿಗಳು. ಸೌಂದರ್ಯ ಆ ಎರಡನೇ ಚೀಲವನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

ಊಟ ಶುರುವಾಯಿತು. ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿಕೊಂಡ ದಾಕ್ಷಾಯಣಮ್ಮ ಉಪ್ಪು ಒಂದು ಚೂರು ಮುಂದಾಗಿದೆ ಎಂದಷ್ಟೇ ಅಂದರು. ಅವರ ಲೆಕ್ಕದಲ್ಲಿ ಅದು ಚಿನ್ನದ ಪದಕ. ಗವಿಸಿದ್ದಪ್ಪ ಸಿದ್ಧಾಂತ ಗೆದ್ದಿತೆಂದು ಉಸಿರು ಬಿಡುವಷ್ಟರಲ್ಲಿ ಅವರು ಎರಡನೇ ರೊಟ್ಟಿಗೆ ಕೈಹಾಕಿದರು.

"ಚಲೋ ಮಾಡೀಯಲೇ ಗವಿ. ಆದ್ರ ಗಂಡಸು ಮನುಷ್ಯಾ ದಿನಾ ಹಿಂಗ ಬೇಯಬೇಕಾ? ನಾ ಇರ್ತೀನಿ ಬಿಡು."

ಅಲ್ಲಿಗೆ ಸಿದ್ಧಾಂತ ಮುಗಿಯಿತು. ಕೆಟ್ಟು ಹೋಗಿದ್ದರೆ ಮಗನ ಹೊಟ್ಟೆಗಾಗಿ ಉಳಿಯುತ್ತಿದ್ದರು, ಚೆನ್ನಾಗಿದ್ದದ್ದಕ್ಕೆ ಮಗನ ಕೈಗಾಗಿ ಉಳಿಯುತ್ತಾರೆ. ಸೌಂದರ್ಯ ಎದ್ದು ಕೈ ತೊಳೆದಳು. ಗವಿಸಿದ್ದಪ್ಪ ಏನು ಮಾಡಬೇಕೆಂದು ತೋಚದೆ ಪಾಯಸ ಬಡಿಸಿದ. ಬಡಿಸಿದ ಎನ್ನುವುದಕ್ಕಿಂತ ಸೌಟಿನಿಂದ ಕಿತ್ತು ಹಾಕಿದ.

ದಾಕ್ಷಾಯಣಮ್ಮನ ಹಲ್ಲಿನ ಸೆಟ್ಟು ಹೊಸದು. ಮೊದಲ ತುತ್ತಿಗೇ ಮೇಲಿನ ಸಾಲು ಕೆಳಗಿನ ಸಾಲನ್ನು ಅಪ್ಪಿಕೊಂಡುಬಿಟ್ಟಿತು. ಅವರು ಏನೋ ಹೇಳಲು ಹೋದರು. ಬಂದದ್ದು ಮೂಗಿನ ಸದ್ದು. ಸೌಂದರ್ಯ ಬಿಸಿನೀರು ತರಲು ಅಡುಗೆಮನೆಗೆ ಓಡಿದಳು.

ಮನೆ ನಿಶ್ಶಬ್ದವಾಯಿತು. ತಾಯಿಯ ಎದುರಿಗೆ ಇಂಥ ನಿಶ್ಶಬ್ದವನ್ನು ಗವಿಸಿದ್ದಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇದು ಎರಡು ನಿಮಿಷಕ್ಕಿಂತ ಹೆಚ್ಚು ಬಾಳುವುದಿಲ್ಲ ಎಂದೂ ಗೊತ್ತಿತ್ತು. ಬೆಲ್ಲ ಬಿಸಿನೀರಿನಲ್ಲಿ ಬೇಗ ಕರಗುತ್ತದೆ.

"ಅವ್ವ, ನೀ ಇರಾಕ ಬರಬ್ಯಾಡ" ಎಂದ. "ಹಬ್ಬಕ್ಕ ಬಾ, ಉಣ್ಣಾಕ ಬಾ. ಆಕಿ ನಾಳಿ ಸಿರುಗುಪ್ಪಕ್ಕ ಹೋಗ್ತಾಳ. ಅಡಿಗಿಮನಿ ನಂದು."

ಕೊನೆಯ ಮಾತು ಕೇಳಿ ಅವನೇ ಬೆಚ್ಚಿದ. ಬಿಸಿನೀರಿನ ಲೋಟ ಹಿಡಿದ ಸೌಂದರ್ಯ ಬಾಗಿಲಲ್ಲೇ ನಿಂತಿದ್ದಳು; ಮಾತು ಮುಗಿದ ಮೇಲೆಯೇ ಈಚೆ ಬಂದಳು.

ಬಿಸಿನೀರಿಗೆ ಹಲ್ಲು ಬಿಡಿಸಿಕೊಂಡ ದಾಕ್ಷಾಯಣಮ್ಮ ತಟ್ಟೆಯ ಪಾಯಸವನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಇದರೊಳಗೆ ಏನೇನು ಹಾಕಿದ್ದೀ ಎಂದು ಕೇಳಿದರು. ಚೀಟಿ ತೋರಿಸಿದ. ಹೇಳಿದವಳು ಯಾರು ಎಂದು ವಿಚಾರಣೆಯಾಗಿ ಶಶಿರೇಖಾ ಕೆಳಗಿಳಿದು ಬಂದಳು. ಚೀಟಿ ಓದಿ, ಹಾಲೆಲ್ಲಿ ಸಾರ್ ಎಂದವಳು ನಗು ತಡೆಯಲಾರದೆ ಅಲ್ಲೇ ಹೊಸ್ತಿಲ ಮೇಲೆ ಕೂತಳು. ದಾಕ್ಷಾಯಣಮ್ಮನೂ ಹಲ್ಲನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು ನಕ್ಕರು. ನಗು ನಿಂತಾಗ ಕಣ್ಣು ಒದ್ದೆಯಾಗಿತ್ತು. ಅದು ಪೂರ್ತಿ ನಗುವಿನದೇ ಎಂದು ಗವಿಸಿದ್ದಪ್ಪನಿಗೆ ಅನ್ನಿಸಲಿಲ್ಲ.

"ನನ್ನ ಬಾಯಿ ಕಟ್ಟಿ ಬ್ಯಾಡ ಅಂದಿ" ಎಂದರು. "ಇರ್ಲಿ. ನಿನ್ನ ಅಡಿಗಿಮನಿ ನೀನ ಇಟ್ಕೋ. ನನಗ ಇರೋದು ಒಂದ ಸೆಟ್ಟು ಹಲ್ಲು."

ಸಂಜೆ ಗವಿಸಿದ್ದಪ್ಪ ತಾಯಿಯನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದ. ಕುರುಗೋಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಎರಡೂ ಚೀಲ ತೊಡೆಯ ಮೇಲಿಟ್ಟುಕೊಂಡ ಮೇಲೆ ಹೊರಗೆ ಬಾಗಿ, ಅಕ್ಕಿ ಮೊದಲು ಮೂರು ಲೋಟ ಹಾಲಿನಲ್ಲಿ ಬೇಯಬೇಕು, ಬೆಲ್ಲ ಒಲೆಯಿಂದ ಇಳಿಸಿದ ಮೇಲೆ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಹಿಂದಿನ ಸೀಟಿನ ಹೆಂಗಸು ಹಾಲು ಮೂರಲ್ಲ, ನಾಲ್ಕು ಲೋಟ ಬೇಕು ಎಂದಳು. ಪಕ್ಕದ ಮುದುಕ ತೆಲುಗಿನಲ್ಲಿ ಐದು ಎಂದ. ವಾದ ಡ್ರೈವರಿನ ತನಕ ಮುಟ್ಟಿತು.

ಗವಿಸಿದ್ದಪ್ಪ ಜೇಬಿನಿಂದ ಪೆನ್ನು ತೆಗೆದು, ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತ, ಲೋಟ ಎಷ್ಟು ಎಂಎಲ್‌ದು ಎಂದು ಕೇಳಿದ.